ಸೈಕಲ್ ಟ್ಯೂಬು ಸುತ್ತಿದ ಹಿಡಿ

ಆ ದಿನ ನಲ್ಲಿಯಲ್ಲಿ ನೀರು ಬೇಗ ಬಂತು. ಸಂಕ್ರಾಂತಿ ಕಳೆದಿದ್ದರೂ ಶ್ರೀರಂಗಪಟ್ಟಣದ ಚಳಿ ಹೋಗಿರಲಿಲ್ಲ. ಹೊಳೆಯ ಮೇಲಿನ ಮಂಜು ನಮ್ಮ ಬೀದಿಯವರೆಗೂ ಬಂದು, ಪಕ್ಕದ ಮನೆ ಸಾಕಮ್ಮನವರ ಕರಿಬೇವಿನ ಗಿಡವನ್ನು ಅರ್ಧ ಮುಚ್ಚಿತ್ತು. ಬಿಂದಿಗೆಗಳನ್ನೆಲ್ಲ ತುಂಬಿಸಿ, ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಬಿಟ್ಟು, ಬಚ್ಚಲ ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ತುರುಕಿ ಉರಿ ಮಾಡಿದೆ. ನಮ್ಮ ಯಜಮಾನರು ಬ್ಯಾಂಕಿಗೆ ಹೊರಡುವ ಹೊತ್ತಿಗೆ ಅವರೆಕಾಳಿನ ಉಪ್ಪಿಟ್ಟು ಆಗಬೇಕು, ಡಬ್ಬಿಗೆ ಚಿತ್ರಾನ್ನ ಆಗಬೇಕು. ಇದೆಲ್ಲ ಎಲ್ಲರ ಮನೆಯ ಬೆಳಗು. ನಮ್ಮ ಮನೆಯಲ್ಲಿ ಮಾತ್ರ ಇನ್ನೊಂದು ಕೆಲಸವಿತ್ತು. ಅಂಟಿನ ಎರಡು ಟ್ಯೂಬುಗಳನ್ನು ಬಟ್ಟೆಯಲ್ಲಿ ಸುತ್ತಿ ಹಂಡೆಯ ಪಕ್ಕದ ಕಟ್ಟೆಯ ಮೇಲೆ ಇಡುವುದು. ಚಳಿಯಲ್ಲಿ ಆ ಅಂಟು ಹಳೆಯ ಬೆಲ್ಲದ ಹಾಗೆ ಬಿರುಸಾಗಿಬಿಡುತ್ತದೆ, ಬೆಚ್ಚಗಾಗದ ಹೊರತು ಎರಡೂ ಸರಿಯಾಗಿ ಬೆರೆಯುವುದಿಲ್ಲ.

ಆ ಅಂಟು ಗಾಲ್ಫ್ ಆಡುವ ಕೋಲುಗಳಿಗೆ, ಅಂದರೆ ಕ್ಲಬ್ಬುಗಳಿಗೆ. ತೊಂಬತ್ತರ ದಶಕದಲ್ಲಿ, ಮನೆ ನೋಡಿಕೊಂಡು ಉಳಿದ ಹೊತ್ತಿನಲ್ಲಿ, ನಾನು ಮಾಡುತ್ತಿದ್ದ ಕೆಲಸ ಅದು. ರಿಪೇರಿ ಎಂದು ಎಲ್ಲರೂ ಹೇಳುತ್ತಿದ್ದರು. ನಿಜವಾಗಿ ಅದು ಆಡುವವರ ಬೀಸಿಗೆ ಒಪ್ಪುವ ಕೋಲನ್ನು ಕೂಡಿಸಿಕೊಡುವ ಕೆಲಸ. ಯಾರಿಗೆ ಎಷ್ಟು ಉದ್ದ, ಹಿಡಿ ಎಷ್ಟು ದಪ್ಪ, ಹಿಡಿಗೂ ಚೆಂಡಿಗೆ ತಗುಲುವ ತಲೆಗೂ ನಡುವಿನ ಶಾಫ್ಟು ಬಳುಕಬೇಕೋ ಬಿರುಸಾಗಿರಬೇಕೋ ಎಂದು ನೋಡುವುದು. ಈಗ ಮಣಿಕಟ್ಟು ನೋವು ಬಂದು ಕೆಲಸ ಬಿಟ್ಟಿದ್ದೇನೆ. ಈಚೆಗೆ ಈ ಕಸುಬಿಗೆ ಬರುತ್ತಿರುವ ಹುಡುಗ ಹುಡುಗಿಯರು ಕ್ಯಾಮೆರಾ, ಕಂಪ್ಯೂಟರು ಇಟ್ಟುಕೊಂಡು ಬೀಸನ್ನು ಅಳೆಯುತ್ತಾರಂತೆ. ಅವರಲ್ಲಿ ಒಬ್ಬಿಬ್ಬರು ಮನೆಗೆ ಬಂದು, ಆಗ ನೀವು ಏನನ್ನು ನೋಡಿ ಹೇಳುತ್ತಿದ್ದಿರಿ ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಬರೆಯಲು ಕೂತರೆ ನನಗೆ ಆ ಒಂದು ದಿನವೇ ಮುಂದೆ ಬರುತ್ತದೆ.

ಕೆಲಸ ಕಲಿಸಿದವರು ನಮ್ಮಪ್ಪ. ಮೈಸೂರಿನಲ್ಲಿ ಆಟದ ಸಾಮಾನಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವರು ಕ್ಲಬ್ಬು ಕಟ್ಟುತ್ತಿದ್ದರು. ಆಗ ದೊಡ್ಡ ಕ್ಲಬ್ಬುಗಳ ತಲೆ ಮರದ್ದು. ತಲೆ ಮತ್ತು ಶಾಫ್ಟು ಕೂಡುವ ಜಾಗಕ್ಕೆ ಕಪ್ಪು ದಾರವನ್ನು ಒತ್ತೊತ್ತಾಗಿ ಸುತ್ತಬೇಕಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರು ಹೊಲಿಗೆಯ ಪಾಠದಲ್ಲಿ ದಾರದ ತುದಿ ಕಾಣದಂತೆ ಒಳಗೆ ಎಳೆಯುವುದನ್ನು ಕಲಿಸಿದ್ದರು. ಶಾಲೆ ಬಿಟ್ಟ ಮೇಲೆ ಅಪ್ಪನ ಮುಂದೆ ಕೂತು ಅದನ್ನೇ ಮಾಡಿದೆ. ಅವರು ಶಭಾಷ್ ಅನ್ನಲಿಲ್ಲ. ಮರುದಿನ ಇನ್ನೊಂದು ಕ್ಲಬ್ಬು ತಂದು ನನ್ನ ಮುಂದೆ ಇಟ್ಟರು, ಅಷ್ಟೆ. ಅಪ್ಪ ನನಗೆ ಇದ್ದ ಒಬ್ಬರೇ ಮೇಲಧಿಕಾರಿ. ಮದುವೆಯಾಗಿ ನಾನು ಶ್ರೀರಂಗಪಟ್ಟಣಕ್ಕೆ ಬಂದ ಮೇಲೂ ಬಸ್ಸಿನಲ್ಲಿ ಚೀಲ ಇಟ್ಟುಕೊಂಡು ಬರುತ್ತಿದ್ದರು. ಹುಳಿಸಾರು ಚೆನ್ನಾಗಿದೆ ಎಂದು ಎರಡು ಸಲ ಬಡಿಸಿಕೊಂಡು, ಕ್ಲಬ್ಬಿನ ಹಿಡಿ ಕೂದಲೆಳೆಯಷ್ಟು ತಿರುಗಿದೆ ಎಂದು ಬಿಚ್ಚಿಸಿ ಹೋಗುತ್ತಿದ್ದರು.

ಅವರ ಎರಡು ಕಟ್ಟಳೆಗಳನ್ನು ನಿಮಗೂ ಹೇಳುತ್ತೇನೆ. ಎಷ್ಟು ದೂರ ಹೊಡೆಯುತ್ತೀರಿ ಎಂದು ಯಾರನ್ನೂ ಕೇಳಬೇಡಿ. ದೊಡ್ಡ ಮನುಷ್ಯರೂ ಆ ಪ್ರಶ್ನೆಗೆ ಸುಳ್ಳು ಹೇಳುತ್ತಾರೆ. ಕಣ್ಣಿಗೆ ಕಾಣುವ ಒಂದು ಮರ ತೋರಿಸಿ, ಅಲ್ಲಿಗೆ ಹೊಡೆಯಲು ಯಾವ ಕೋಲು ತೆಗೆಯುತ್ತೀರಿ ಎಂದು ಕೇಳಿ, ನಿಜ ತಾನಾಗಿ ಬರುತ್ತದೆ. ಎರಡನೆಯದು, ಕ್ಲಬ್ಬು ಮುಟ್ಟುವ ಮುಂಚೆ ಕೈ ನೋಡಿ. ಜಡ್ಡು ಎಲ್ಲಿದೆ, ಉಗುರು ಎಷ್ಟು ಉದ್ದ ಬಿಟ್ಟಿದ್ದಾರೆ, ಯಾವ ಬೆರಳು ಸುಮ್ಮನೆ ಕೂತಿದೆ, ಎಲ್ಲವನ್ನೂ.

ಈ ಎರಡನೆಯದನ್ನು ಪಾಲಿಸಲು ಸಿದ್ದೇಗೌಡರ ವಿಷಯದಲ್ಲಿ ನನಗೆ ಆಗಿರಲಿಲ್ಲ.

ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಹೊರಗಿನಿಂದ ಸಾಕಮ್ಮನವರ ದನಿ ಕೇಳಿಸಿತು. ಕಾಂಪೌಂಡಿನ ಗೋಡೆ ಅವರ ಎದೆಮಟ್ಟಕ್ಕಿತ್ತು. ಬೆಳಗಿನ ಅರ್ಧ ಕೆಲಸವನ್ನು ಅವರು ಆ ಗೋಡೆಯ ಮೇಲೆ ಮೊಣಕೈ ಊರಿಯೇ ಮಾಡುತ್ತಿದ್ದರು.

"ಏನ್ ಗೌಡ್ರೇ, ಇಷ್ಟೊತ್ಗೇ ಕೋಲಿನ್ ಮೂಟೆ ಎತ್ಕಂಡ್ ಬಂದ್ಬುಟ್ರಿ? ನಿಮ್ಮೂರಲ್ಲಿ ನಾಯಿ ಕಾಟ ಜಾಸ್ತಿ ಆಗದಾ?"

"ನಾಯ್ಗಲ್ಲ ಕಣಮ್ಮೋ, ಕಮಿಟಿಗೆ."

ಅರಕೆರೆಯ ಸಿದ್ದೇಗೌಡರು. ನಲವತ್ತರ ಸಮೀಪದ ಆಳು, ಗಿಡ್ಡ, ಗಟ್ಟಿ. ಹುಡುಗನಾಗಿದ್ದಾಗ ಮೈಸೂರಿನಲ್ಲಿ ಆಟಗಾರರ ಚೀಲ ಹೊತ್ತು, ನೋಡಿ ನೋಡಿಯೇ ಆಟ ಕಲಿತವರು. ಪಾಂಡವಪುರದ ಸ್ಟೇಷನ್ನಿನಾಚೆ ಕೆಲವು ಉತ್ಸಾಹಿಗಳು ಸೇರಿ ಒಂಬತ್ತು ಗುಂಡಿಗಳ ಚಿಕ್ಕ ಮೈದಾನ ಮಾಡಿಕೊಂಡಿದ್ದರು. ಗುಂಡಿಯ ಸುತ್ತ ಹುಲ್ಲು ಬೆಳೆಸಲು ನೀರು ಸಾಲದೆ ಎಣ್ಣೆ ಕಲಸಿದ ಮರಳು ಹಾಸಿದ್ದರು. ಅಲ್ಲಿಗೆ ಹೊಸದಾಗಿ ಬರುವವರಿಗೆ ಕಲಿಸುವುದು ಸಿದ್ದೇಗೌಡರ ಕೆಲಸ. ಹಿಂದಿನ ವರ್ಷ ಮನೆಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬಲಗೈಯ ಎರಡು ಬೆರಳು ಹೋದವು. ಆಮೇಲೆ ಮೂರು ನಾಲ್ಕು ಸಲ ನಮ್ಮ ಮನೆಗೆ ಬಂದಿದ್ದರು. ಬಲಗೈ ಯಾವಾಗಲೂ ಹೆಗಲಿನಿಂದ ಇಳಿಬಿಟ್ಟ ಟವೆಲ್ಲಿನ ಒಳಗೆ. ಕ್ಲಬ್ಬುಗಳನ್ನು ಎಡಗೈಯಲ್ಲಿ ಕೊಟ್ಟು, ಹಿಡಿಗೆ ಹೊಸ ಟೇಪು ಹಾಕಿಕೊಡಿ ಎಂದು ಹೇಳಿ, ಕಾಫಿಯನ್ನೂ ಎಡಗೈಯಲ್ಲೇ ಕುಡಿದು ಹೋಗುತ್ತಿದ್ದರು. ಅವರು ಮುಚ್ಚಿಟ್ಟದ್ದನ್ನು ತೋರಿಸಿ ಎನ್ನಲು ನನಗೆ ಬಾಯಿ ಬಂದಿರಲಿಲ್ಲ.

ಆ ದಿನ ಜಗಲಿಯ ಮೇಲೆ ಕೂತವರು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಇಮಲಕ್ಕ, ಇವತ್ತು ಸಾಯಂಕಾಲ ನನ್ನ ನೋಡ್ತಾರಂತೆ."

"ಯಾರು?"

"ಕಮಿಟಿಯೋರು. ಸೆಕ್ರೆಟ್ರಿ ಸಾಹೇಬ್ರು ಒಳ್ಳೇವ್ರೇಯ, ಮುಖ ನೋಡ್ಕಂಡೇ ಏಳುದ್ರು. ಸಿದ್ದೇಗೌಡ, ಚೆಂಡು ಬಲಕ್ಕೇ ಓಯ್ತಾ ಅದೆ, ಕಲಿಯಕ್ ಬರೋರು ನಿನ್ನ ನೋಡಿ ಕಲೀಬೇಕಲ್ಲಪ್ಪ ಅಂದ್ರು. ಇವತ್ತು ಎಲ್ಲಾರ ಮುಂದೆ ಒಡುದ್ ತೋರುಸ್ಬೇಕು. ನೆಟ್ಟಗೆ ಓದ್ರೆ ನಾನೇ ಕೋಚು. ಇಲ್ದಿದ್ರೆ ಮೈಸೂರಿಂದ ಯಾರ್ನೋ ಕರುಸ್ತಾರಂತೆ."

"ಕರೆಸಿದರೆ ನೀವು?"

ಅವರು ಬೀದಿಯ ಕಡೆ ನೋಡಿದರು. "ಆಲೆಮನೆ ಐತಲ್ಲ. ನಮ್ಮಣ್ಣ ಬೇಡ ಅನ್ನಲ್ಲ. ಆದ್ರೆ ಆ ಗಾಣದ್ ಸದ್ದು ಕೇಳುದ್ರೆ ನಂಗೆ ಮೈಯೆಲ್ಲ ತಣ್ಣಗಾಯ್ತದೆ ಕಣಕ್ಕ. ಮನೇಲಿ ಯಾರ್ಗೂ ಏಳಿಲ್ಲ. ಕಬ್ಬು ಅರಿಯೋ ದಿನ ನಾನು ಅಳ್ಳದ್ ಕಡೆ ಓಗ್ ಕುಂತ್ಕತೀನಿ."

ಯಜಮಾನರು ಡಬ್ಬಿ ತೆಗೆದುಕೊಂಡು, ಚಪ್ಪಲಿ ಮೆಟ್ಟುತ್ತಾ, "ಗೌಡ್ರೇ, ಉಪ್ಪಿಟ್ಟು ಆರುತ್ತೆ," ಎಂದಷ್ಟೇ ಹೇಳಿ ಹೋದರು. ಸಿದ್ದೇಗೌಡರು ತಟ್ಟೆ ಎತ್ತಿಕೊಂಡರು.

ಹಿತ್ತಿಲಲ್ಲಿ ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ, ಮದುವೆಯಲ್ಲಿ ಬಂದಿದ್ದ ದಪ್ಪ ಜಮಖಾನವನ್ನು ನೇತುಹಾಕಿದ್ದೆ. ನಡುವೆ ದರ್ಜಿಗಳು ಬಳಸುವ ಸುಣ್ಣದ ಕಡ್ಡಿಯಿಂದ ಒಂದು ಸುತ್ತು. ಕ್ಲಬ್ಬಿನ ಮುಖಕ್ಕೆ ಒದ್ದೆ ಸೀಮೆಸುಣ್ಣ ಸವರಿ ಹೊಡೆಸಿದರೆ ಚೆಂಡು ಎಲ್ಲಿ ತಗುಲಿತು ಎಂದು ಗೊತ್ತಾಗುತ್ತದೆ, ಜಮಖಾನದ ಮೇಲೆ ಎಲ್ಲಿಗೆ ಹೋಯಿತು ಎಂದೂ ಗೊತ್ತಾಗುತ್ತದೆ. ನನ್ನ ಯಂತ್ರವೆಂದರೆ ಅದೇ. ಸಿದ್ದೇಗೌಡರು ಗೋಡೆಯ ಕಡೆಗೆ ಬೆನ್ನು ಮಾಡಿ ನಿಂತರು. ಗೋಡೆಯಾಚೆ ಸಾಕಮ್ಮನವರು ಅಕ್ಕಿ ಆರಿಸುತ್ತಿದ್ದರು. ಬೆನ್ನು ಅತ್ತ ಮಾಡಿದರೆ ಜಮಖಾನಕ್ಕೆ ಓರೆಯಾಗುತ್ತದೆ ಎಂದು ಗೊತ್ತಿದ್ದೂ ಹಾಗೆಯೇ ನಿಂತರು. ನಾನು ಸುಣ್ಣದ ಸುತ್ತನ್ನು ಅವರ ನೇರಕ್ಕೆ ಹೊಸದಾಗಿ ಬರೆದೆ. ಟವೆಲ್ಲನ್ನು ಬಲಗೈಗೆ ಸುತ್ತಿಕೊಂಡೇ ಹಿಡಿದರು.

ಹೊಡೆದರು. ಚೆಂಡು ಸುತ್ತಿನ ಬಲಕ್ಕೆ, ತಗ್ಗಿನಲ್ಲಿ ಬಡಿಯಿತು. ಇನ್ನೊಂದು. ಅಲ್ಲಿಗೇ. ಸೀಮೆಸುಣ್ಣದ ಗುರುತು ನೋಡಿದರೆ ಚೆಂಡು ಮುಖದ ನಟ್ಟನಡುವೆ ತಗುಲಿತ್ತು. ಅಂದರೆ ಕಣ್ಣು ಸರಿಯಿದೆ, ಬೀಸು ಸರಿಯಿದೆ. ಇಷ್ಟು ಸರಿಯಾಗಿ ಹೊಡೆದ ಚೆಂಡು ಬಲಕ್ಕೆ ಹೋಗುತ್ತಿದೆ ಎಂದರೆ, ತಗುಲುವ ಗಳಿಗೆಯಲ್ಲಿ ಮುಖ ಪೂರ್ತಿ ತಿರುಗಿ ಬರುತ್ತಿಲ್ಲ.

ಕ್ಲಬ್ಬನ್ನು ಕೈಗೆ ತೆಗೆದುಕೊಂಡೆ. ನಾನು ಹಾಕಿಕೊಟ್ಟಿದ್ದ ಹಿಡಿಯ ಮೇಲೆ ಕಪ್ಪು ರಬ್ಬರಿನ ಪಟ್ಟಿ, ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು, ಒಂದರ ಮೇಲೊಂದು ಸುತ್ತಿದ್ದು. ಚೀಲದಲ್ಲಿದ್ದ ಎಲ್ಲ ಕ್ಲಬ್ಬಿಗೂ ಹಾಗೆಯೇ. ಈ ಕಡೆ ಕುಡುಗೋಲು, ಹಾರೆ, ಪಂಪ್‌ಸೆಟ್ಟಿನ ಹಿಡಿ, ಯಾವುದು ಕೈ ಜಾರಿದರೂ ಟ್ಯೂಬು ಸುತ್ತುವುದು ವಾಡಿಕೆ. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಸಿಸ್ಟರು ನೋಡಿದ್ದರೂ ಮೆಚ್ಚುತ್ತಿದ್ದರು.

ಪ್ರತಿಯೊಬ್ಬರೂ ತಮ್ಮ ಮನೆಯ ಕೋಲಿನ ಲೆಕ್ಕದಲ್ಲೇ ಈ ಕೋಲನ್ನು ನೋಡುತ್ತಾರೆ. ಇದನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಂಡರೆ ಬಹಳ ಗೋಜಲು ತಪ್ಪುತ್ತದೆ. ನಾಗಮಂಗಲದಿಂದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಬರುತ್ತಿದ್ದರು. ಚೆಂಡು ದೂರ ಹೋಗುತ್ತಿಲ್ಲ, ಕ್ಲಬ್ಬು ಉದ್ದ ಮಾಡಿಕೊಡಿ ಎಂದರು. ತುದಿಗೆ ಮರದ ತುಂಡು ಕೂಡಿಸಿ ಉದ್ದ ಮಾಡಿದೆ. ಇನ್ನೂ ಉದ್ದ ಎಂದರು. ಮತ್ತೆ ಮಾಡಿದೆ. ಆಮೇಲೆ ಚೆಂಡಿಗೆ ತಗುಲುವುದೇ ಅಪರೂಪವಾಯಿತು. ಯಾಕೆ ಹೀಗೆ ಉದ್ದ ಕೇಳುತ್ತೀರಿ ಎಂದರೆ, "ಅಲ್ಲ ತಾಯಿ, ದೋಟಿ ಉದ್ದ ಆದಷ್ಟೂ ಮೇಲಿನ್ ಕಾಯಿ ಸಿಗ್ತದಲ್ವಾ?" ಎಂದರು. ಕಾಯಿ ಕೀಳುವ ದೋಟಿಗೆ ಅದು ಸರಿ. ಬೀಸುವ ಕೋಲಿಗೆ ಸರಿಯಲ್ಲ. ನಾನು ವಾದ ಮಾಡಲಿಲ್ಲ. ಅವರು ಬಂದಾಗಲೆಲ್ಲ ಚೂರು ಚೂರೇ ಕತ್ತರಿಸುತ್ತಾ, ಮೊದಲಿದ್ದ ಉದ್ದಕ್ಕಿಂತಲೂ ಸ್ವಲ್ಪ ಕಡಿಮೆಗೆ ತಂದು ನಿಲ್ಲಿಸಿದೆ. "ಈಗ ನೋಡಿ, ಉದ್ದ ಮಾಡಿಸಿದ್ದು ಸಾರ್ಥಕ ಆಯ್ತು," ಎಂದು ಸಂತೋಷದಿಂದ ಹೋದರು.

ಸಿದ್ದೇಗೌಡರಿಗೆ ಹಾಗೆ ನಿಧಾನವಾಗಿ ಮಾಡುವ ಸಮಯ ಇರಲಿಲ್ಲ.

"ಗೌಡ್ರೇ, ಈ ಟ್ಯೂಬು ತೆಗೀಬೇಕು," ಎಂದೆ.

ಅವರ ಮುಖ ಸಣ್ಣದಾಯಿತು. "ಅದೊಂದ್ ಬ್ಯಾಡ ಕಣಕ್ಕ. ನಮ್ಮಣ್ಣ ಸುತ್ತಿರದು."

"ಯಾವಾಗ ಸುತ್ತಿದ್ದು?"

"ಓದ್ಸಲ ನಿಮ್ಮತ್ರ ಬಂದೋದ್ ಮೇಲೆ. ಗಾಣ ತಿರುಗುಸ್ತಾ ಇದ್ದಿದ್ದು ಅವುನೇ ಅಲ್ವಾ. ನಿಲ್ಸೋದ್ರೊಳಗೆ ಆಗೋಗಿತ್ತು. ಅವತ್ತಿಂದ ನನ್ ಕಂಡ್ರೆ ಮಾತೇ ಆಡ್ದೆ ಓಡಾಡ್ತಿದ್ದ. ಹಬ್ಬದ್ ದಿನ ಎಲ್ಲಾರೂ ಊಟಕ್ ಕುಂತ್ರೆ ಇವುನು ಕೊಟ್ಟಿಗೇಲಿ ಕುಂತ್ಕಂಡು ಇವ್ನೆಲ್ಲ ಸುತ್ತುದ್ದ. ಬೆರಳ್ ಕಮ್ಮಿ ಆಯ್ತಲ್ಲ, ಇಡಿ ದಪ್ಪ ಇದ್ರೆ ಸಂದಾಗ್ ಸಿಗ್ತದೆ ಕಣ್ಲಾ ಅಂದ. ಅದೇ ಅವುನ್ ಆಡುದ್ ಮೊದಲ್ನೇ ಮಾತು. ಈಗ ನಾನ್ ಕಿತ್ತಾಕ್ಬುಟ್ ಓದ್ರೆ...?"

ನಾನು ಆ ಕಪ್ಪು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತೆ. ಕೊನೆಯ ಸುತ್ತನ್ನು ಒಳಕ್ಕೆ ಎಳೆದು, ಗಂಟು ಕಾಣದಂತೆ ಸೇರಿಸಿದ್ದರು ಆ ಅಣ್ಣ.

"ಹಿಡಿ ದಪ್ಪ ಆದರೆ ಕೈ ತಿರುಗೋದಿಲ್ಲ ಗೌಡ್ರೇ. ಹಾರೆಗೆ ಕೈ ತಿರುಗಬೇಕಾಗಿಲ್ಲ, ಇದಕ್ಕೆ ತಿರುಗಬೇಕು. ನೀವೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀರಿ." ಆಮೇಲೆ ಕ್ಲಬ್ಬನ್ನು ಕೆಳಗಿಟ್ಟು ಹೇಳಿದೆ: "ಒಂದು ಸಲ ಕೈ ತೋರಿಸಿ."

ಅವರು ಗೋಡೆಯ ಕಡೆ ತಿರುಗಿ ನೋಡಿದರು. ಸಾಕಮ್ಮನವರ ಮೊರ ಸದ್ದು ಮಾಡುತ್ತಲೇ ಇತ್ತು. ನಾನು ಮುಂದೆ ಬಂದು, ಗೋಡೆಗೂ ಅವರಿಗೂ ನಡುವೆ ಸೆರಗು ಹರಡಿಕೊಂಡು ನಿಂತೆ. ಸಿದ್ದೇಗೌಡರು ನಿಧಾನವಾಗಿ ಟವೆಲ್ಲು ಬಿಚ್ಚಿದರು.

ಕಿರುಬೆರಳು ಮತ್ತು ಅದರ ಪಕ್ಕದ್ದು ಬುಡದಿಂದಲೇ ಇರಲಿಲ್ಲ. ಮಾಯ್ದ ಚರ್ಮ ಎಳೆಯ ಮಗುವಿನದರ ಹಾಗೆ ನುಣ್ಣಗೆ, ಹೊಳೆಯುತ್ತಾ ಇತ್ತು. ಉಳಿದ ಮೂರು ಬೆರಳು, ಅಂಗೈ ಎಲ್ಲ ಎಂದಿನ ಹಾಗೆ ಒರಟು. ವರ್ಷವೆಲ್ಲ ಬಿಸಿಲು ಕಾಣದೆ ಆ ಕೈ ಎಡಗೈಗಿಂತ ಬಿಳಿಚಿಕೊಂಡಿತ್ತು. ನನಗೆ ಕಣ್ಣು ತುಂಬಿಬರುವ ಹಾಗಾಯಿತು. ಆದರೆ ಅಪ್ಪ ಕಲಿಸಿದ ಕಣ್ಣು ಬೇರೆ ಇರುತ್ತದಲ್ಲ, ಅದು ಲೆಕ್ಕ ಹಾಕುತ್ತಿತ್ತು.

"ಗೌಡ್ರೇ, ಮುಂಚೆ ಹೇಗೆ ಹಿಡಿಯುತ್ತಿದ್ದಿರಿ, ತೋರಿಸಿ. ಬೆರಳು ಇದೆ ಅಂದುಕೊಂಡು."

ಹಿಡಿದು ತೋರಿಸಿದರು.

"ಕಿರುಬೆರಳು ಎಲ್ಲಿರುತ್ತಿತ್ತು?"

"ಎಡಗೈ ಬೆರಳಿನ್ ಮೇಲೆ ಕುಂತಿರ್ತಿತ್ತು."

"ಕ್ಲಬ್ಬನ್ನು ಮುಟ್ಟುತ್ತಿತ್ತಾ?"

ಅವರು ನನ್ನ ಮುಖ ನೋಡಿದರು. "ಇಲ್ಲ."

"ಮತ್ತೆ? ಆಟಕ್ಕೆ ಹೋಗಿರೋದು ಒಂದೇ ಬೆರಳು."

ಅವರು ಉಳಿದ ಬೆರಳುಗಳನ್ನು ಒಂದೊಂದಾಗಿ ಹಿಡಿಯ ಮೇಲೆ ಕೂರಿಸಿ ನೋಡಿದರು. ಆಮೇಲೆ ಮೂಗಿನಲ್ಲೇ ನಕ್ಕರು. "ಅಲ್ಲಾ ಕಣಕ್ಕ, ಒಂದ್ ವರ್ಷದಿಂದ ಎರಡ್ ಬೆರಳಿಗೆ ಅತ್ತೀವ್ನಿ ನಾನು."

ಒಂದು ಕ್ಲಬ್ಬಿನ ಟ್ಯೂಬನ್ನು ಕತ್ತರಿಸದೆ, ತುದಿ ಹುಡುಕಿ, ಸುತ್ತು ಸುತ್ತಾಗಿ ಬಿಚ್ಚಿದೆ. ತೆಳು ಹಿಡಿ ಹಾಕಿ ಹೊಡೆಸಿದೆ. ಚೆಂಡು ಸುತ್ತಿನ ಅಂಚಿಗೆ ಬಂತು. ದಿಕ್ಕು ಅರ್ಧ ಸರಿಹೋಯಿತು. ಇನ್ನೂ ತಗ್ಗಿನಲ್ಲೇ ಹೋಗುತ್ತಿತ್ತು, ಇನ್ನೂ ಸ್ವಲ್ಪ ಬಲಕ್ಕೆ. ಅದು ಶಾಫ್ಟಿನ ಮಾತು. ಮೈಸೂರಿನ ಹಿರಿಯ ಆಟಗಾರರೊಬ್ಬರು ಮೆಚ್ಚಿ ಕೊಟ್ಟ ಸೆಟ್ಟು ಅದು, ತುಂಬಾ ಬಿರುಸಿನ ಶಾಫ್ಟುಗಳು. ಗಾಯಕ್ಕೆ ಮುಂಚೆ ಸಿದ್ದೇಗೌಡರ ಬೀಸಿನ ರಭಸಕ್ಕೆ ಅವು ಬಳುಕುತ್ತಿದ್ದವು. ಈಗ ಅವರು ಹೊಡೆಯುವ ಗಳಿಗೆಯಲ್ಲಿ ಕೈಗೆ ಪೆಟ್ಟಾದೀತೆಂದು ಹಿಂಜರಿಯುತ್ತಿದ್ದರು, ಕಣ್ಣಿಗೆ ಕಾಣದಷ್ಟು. ಬೀಸು ನಿಧಾನವಾಗಿತ್ತು. ನಿಧಾನದ ಬೀಸಿಗೆ ಬಿರುಸು ಶಾಫ್ಟು ಬಗ್ಗುವುದಿಲ್ಲ, ಚೆಂಡನ್ನು ಎತ್ತುವುದಿಲ್ಲ. ಧೈರ್ಯವಾಗಿ ಹೊಡೆಯಿರಿ ಎಂದು ಹೇಳಬಹುದಿತ್ತು. ಹೇಳಿದರೆ ಸಾಯಂಕಾಲದೊಳಗೆ ಧೈರ್ಯ ಬರುತ್ತದೆಯೆ? ಇರುವ ಬೀಸಿಗೆ ಕೋಲು ಕೊಡುವುದು ನಮ್ಮ ಕೆಲಸ. ಇರಬೇಕಾಗಿದ್ದ ಬೀಸಿಗೆ ಅಲ್ಲ. ಇದನ್ನು ಬರೆದಿಟ್ಟುಕೊಳ್ಳಿ.

ಬಳುಕುವ ಶಾಫ್ಟುಗಳು ಮನೆಯಲ್ಲಿ ಇದ್ದದ್ದು ಒಂದೇ ಸೆಟ್ಟು, ಅಡುಗೆಮನೆಯ ಬಾಗಿಲ ಹಿಂದೆ ಹಳೆ ಸೀರೆ ಸುತ್ತಿ ನಿಲ್ಲಿಸಿದ್ದು. ಅದರ ಕಥೆ ಹೇಳಬೇಕು. ಕೆ.ಆರ್. ಪೇಟೆಯಲ್ಲಿ ಪಶುವೈದ್ಯೆಯೊಬ್ಬರು ಇದ್ದರು, ಡಾಕ್ಟರ್ ಸುಶೀಲಾ. ಅವರಿಗೆ ಮನೆಯವರು ಹೆಂಗಸರ ಸೆಟ್ಟು ಕೊಡಿಸಿದ್ದರು. ಹಗುರ, ಮೆದು, ಪ್ರತಿ ಶಾಫ್ಟಿನ ಮೇಲೂ ಕೆಂಪು ಪಟ್ಟಿ ಮತ್ತು ಹೆಂಗಸರದ್ದು ಎಂದು ತೋರಿಸುವ ಒಂದು ಅಕ್ಷರ. ಹೊಡೆದ ಚೆಂಡೆಲ್ಲ ಎಡಕ್ಕೆ ಸುತ್ತಿಕೊಂಡು ಹೋಗುತ್ತಿತ್ತು. ನಾನು ಅವರ ಕೈ ನೋಡಿದೆ. ಮಣಿಕಟ್ಟು ನನ್ನದಕ್ಕಿಂತ ಒಂದೂವರೆಯಷ್ಟು. "ಸಿಂಧಘಟ್ಟದಲ್ಲಿ ಬೆಳಗಿನ ಜಾವ ಎಮ್ಮೆ ಕರು ಅಡ್ಡ ಸಿಕ್ಕೊಂಡಿತ್ತು ಕಣ್ರೀ, ಎಳೆದು ಹಾಕಿ ನೇರ ಇಲ್ಲಿಗೆ ಬಂದೆ," ಎಂದರು. ಅಂಥ ತೋಳಿಗೆ ಆ ಶಾಫ್ಟು ನುಗ್ಗೇಕಾಯಿಯ ಹಾಗೆ ಬಾಗುತ್ತಿತ್ತು. ಗಂಡಸರ ಶಾಫ್ಟು ಹಾಕಿಕೊಟ್ಟೆ. ಮನೆಯವರು ಒಪ್ಪುತ್ತಾರೋ ಎಂದರೆ, "ಅವರಿಗೆ ಬಣ್ಣ ನೋಡಿ ಗೊತ್ತಾಗುತ್ತೆ ಅಷ್ಟೆ, ನೀವು ಕೆಂಪು ಪಟ್ಟಿ ಅಂಟಿಸಿಬಿಡಿ," ಎಂದು ನಕ್ಕರು. ಬಿಚ್ಚಿದ ಶಾಫ್ಟುಗಳನ್ನು ನನಗೇ ಬಿಟ್ಟು ಹೋದರು. ಅವರೂ ಗಿಡ್ಡನೆಯವರೇ. ಸಿದ್ದೇಗೌಡರಿಗೆ ಉದ್ದ ಸರಿಹೋಗುತ್ತಿತ್ತು.

ಸೀರೆ ಬಿಚ್ಚಿದ್ದೇ ಸಿದ್ದೇಗೌಡರು ಕೆಂಪು ಪಟ್ಟಿ ನೋಡಿದರು. ಹತ್ತಾರು ವರ್ಷ ಚೀಲ ಹೊತ್ತವರಿಗೆ ಅದನ್ನು ವಿವರಿಸಬೇಕಾಗಿರಲಿಲ್ಲ.

"ಇದು ಎಂಗುಸ್ರುದು."

"ಹೌದು."

"ಅಕ್ಕ, ಬೆರಳ್ ಓಗದೆ ಅಂತ ಒಂದು. ಈಗ ಎಂಗುಸ್ರ್ ಕೋಲ್ ಬೇರೆ ಇಡ್ಕಂಡ್ ಓದ್ರೆ ಅಲ್ಲಿರೋರು ಉಳುಸ್ತಾರಾ ನನ್ನ?"

"ಇದನ್ನು ಹಿಡಿದಿದ್ದ ಹೆಂಗಸು ನಿಮ್ಮನ್ನು ಎತ್ತಿ ಆಚೆ ಹಾಕೋ ಅಷ್ಟು ಗಟ್ಟಿ. ಅವರಿಗೆ ಒಪ್ಪಲಿಲ್ಲ, ನಿಮಗೆ ಒಪ್ಪುತ್ತೆ. ಪಟ್ಟಿ ನಾನು ಅಳಿಸಿಕೊಡ್ತೀನಿ."

ಸಂಜೆ ಯಾವ ಯಾವ ಕ್ಲಬ್ಬಿನಲ್ಲಿ ಹೊಡೆಯಬೇಕು ಎಂದು ಕೇಳಿದೆ. ಒಂದು ಉದ್ದದ್ದು, ಒಂದು ನಡುವಿನದು, ಒಂದು ಹತ್ತಿರದ ಹೊಡೆತದ್ದು, ಆಮೇಲೆ ಪಟ್ಟರು, ಅಂದರೆ ಗುಂಡಿಯ ಬಳಿ ಚೆಂಡನ್ನು ಮೆಲ್ಲಗೆ ಉರುಳಿಸುವ ಚಿಕ್ಕ ಕ್ಲಬ್ಬು. ಮೊದಲ ಮೂರಕ್ಕೆ ಶಾಫ್ಟು ಬದಲಿಸುವುದು ಎಂದು ನಿಶ್ಚಯ ಮಾಡಿದೆವು.

ಸೀಮೆಎಣ್ಣೆ ಸ್ಟೌ ಹಚ್ಚಿ ಕ್ಲಬ್ಬಿನ ಕತ್ತನ್ನು ಕಾಯಿಸಿದರೆ ಒಳಗಿನ ಹಳೆ ಅಂಟು ಸಡಿಲವಾಗುತ್ತದೆ, ತಿರುಚಿ ಎಳೆದರೆ ತಲೆ ಬಿಟ್ಟುಕೊಳ್ಳುತ್ತದೆ. ಇದು ಉಕ್ಕಿನ ಶಾಫ್ಟಿಗೆ ಮಾತ್ರ. ಗ್ರಾಫೈಟ್ ಶಾಫ್ಟು ನಮ್ಮಲ್ಲಿಗೆ ಬಂದ ಹೊಸದರಲ್ಲಿ ಅಪ್ಪ, "ಬಿದಿರಿಗೆ ಬಣ್ಣ ಬಳಿದಿದ್ದಾರೆ," ಎಂದು ಹೇಳಿ ಅದನ್ನೂ ಇದೇ ಸ್ಟೌ ಮೇಲೆ ಹಿಡಿದರು. ಕೂದಲು ಸುಟ್ಟ ಹಾಗೆ ವಾಸನೆ ಬಂತು. ತಲೆ ಎಳೆದರೆ ಶಾಫ್ಟಿನ ತುದಿ ಎಳೆ ಎಳೆಯಾಗಿ ಬಿಚ್ಚಿಕೊಂಡು ಪೊರಕೆಯಾಗಿತ್ತು. ಅಪ್ಪ ಎದ್ದು ಹೋಗಿ ಅದನ್ನು ಬಾಗಿಲ ಮೂಲೆಯಲ್ಲಿ ನಿಜವಾದ ಪೊರಕೆಯ ಪಕ್ಕ ನಿಲ್ಲಿಸಿ, ಕೈ ತೊಳೆದು ಬಂದು ಊಟಕ್ಕೆ ಕೂತರು. ಅವತ್ತು ಹುಳಿಸಾರಿನ ಬಗ್ಗೆಯೂ ಒಂದು ಮಾತಿಲ್ಲ. ಆಮೇಲೆ ಬಿಸಿಗಾಳಿಯ ಯಂತ್ರ ತಂದುಕೊಂಡು, ಮುಟ್ಟಿ ಮುಟ್ಟಿ ನೋಡುತ್ತಾ ಕಾಯಿಸುವುದನ್ನು ಅಪ್ಪ ಆ ವಯಸ್ಸಿನಲ್ಲಿ ಹೊಸದಾಗಿ ಕಲಿತರು. ಮಾಡುವ ವಿಧಾನ ಬದಲಾದಾಗ ಸಿಟ್ಟು ಬರುತ್ತದೆ. ಬರಲಿ, ಒಂದು ಊಟದ ಹೊತ್ತು.

ಮೂರು ತಲೆಗಳನ್ನು ಬಿಡಿಸಿ, ಒಳಗೆ ಉಜ್ಜಿ, ಹಂಡೆಯ ಬಿಸಿಯಲ್ಲಿ ಮೆದುವಾಗಿದ್ದ ಅಂಟನ್ನು ಬೆರೆಸಿ ಆ ಬಳುಕುವ ಶಾಫ್ಟುಗಳನ್ನು ಕೂರಿಸಿ, ತೆಳು ಹಿಡಿ ಹಾಕಿದೆ. ಬೇಗ ಹಿಡಿಯುವ ಅಂಟೇ ಆದರೂ ಚಳಿಯನ್ನು ನಂಬುವ ಹಾಗಿರಲಿಲ್ಲ. ಹಪ್ಪಳ ಒಣಗಿಸುವ ಹಾಗೆ ತಾರಸಿಯ ಮೇಲೆ ಬಿಸಿಲಿಗೆ ಮಲಗಿಸಿದೆ. ಸಾಕಮ್ಮನವರು ಕೆಳಗಿನಿಂದ ಕೂಗಿ ಕೇಳಿದರು: "ಏನ್ರೀ ಇಮಲಮ್ಮ, ಇವತ್ತು ಕೋಲ್ಗುಳ್ಗೆ ಎಣ್ಣೆ ಸ್ನಾನವಾ?"

ಅವು ಒಣಗುವವರೆಗೆ ಬಿಚ್ಚಿದ ಟ್ಯೂಬಿನ ಪಟ್ಟಿಗಳನ್ನು ಸಿದ್ದೇಗೌಡರು ಮಡಿಲಲ್ಲಿ ಇಟ್ಟುಕೊಂಡು, ಒಂದೊಂದನ್ನೇ ಸುರುಳಿ ಸುತ್ತುತ್ತಿದ್ದರು. ಅಣ್ಣನಿಗೆ ಏನು ಹೇಳಲಿ ಎಂಬ ಚಿಂತೆ ಅವರು ಸುತ್ತುತ್ತಿದ್ದ ಜತನದಲ್ಲೇ ಕಾಣುತ್ತಿತ್ತು. ಆಗ ನನಗೆ ಚೀಲದಲ್ಲಿ ಉಳಿದಿದ್ದ ಪಟ್ಟರಿನ ನೆನಪು ಬಂತು. ಅದಕ್ಕೂ ಟ್ಯೂಬು ಸುತ್ತಿತ್ತು. ತೆಗೆದುಕೊಂಡು ಕೈಗೆ ಕೊಟ್ಟೆ.

"ಇದರಲ್ಲಿ ಹೇಗೆ ಹೋಗುತ್ತೆ?"

"ಇದೊಂದು ಸಂದಾಗ್ ಓಯ್ತದೆ ಅಕ್ಕ. ಮುಂಚೆಗಿಂತ ಒಂದ್ ಕೈ ಮೇಲೇಯ. ಯಾಕೋ ಗೊತ್ತಿಲ್ಲ."

ಕಾರಣ ಹೊಳೆದಾಗ ನನಗೇ ಖುಷಿಯಾಯಿತು. ಪಟ್ಟರಿನಲ್ಲಿ ಕೈ ತಿರುಗಲೇಬಾರದು. ದಪ್ಪ ಹಿಡಿ ಮಣಿಕಟ್ಟನ್ನು ಅಲ್ಲಾಡಲು ಬಿಡುವುದಿಲ್ಲ. ಆಗಿನ ಕಾಲಕ್ಕೆ ಎಲ್ಲರೂ ಪಟ್ಟರಿಗೆ ತೆಳು ಹಿಡಿಯನ್ನೇ ಹಾಕುತ್ತಿದ್ದರು, ನಾನೂ ಹಾಗೆಯೇ ಹಾಕುತ್ತಿದ್ದೆ. "ಇದನ್ನು ಮುಟ್ಟಬೇಡಿ ಗೌಡ್ರೇ. ನಿಮ್ಮಣ್ಣ ಸುತ್ತಿದ್ದು ಸರಿಯಾಗಿದೆ. ಮನೆಗೆ ಹೋಗಿ ಹಾಗೇ ಹೇಳಿ. ಇದು ನಿಮ್ಮ ಸಮಾಧಾನಕ್ಕೆ ಹೇಳ್ತಿಲ್ಲ."

"ದಿಟವಾಗ್ಲೂ?"

"ದಿಟವಾಗಲೂ. ಬೇಕಾದರೆ ಆ ಪಟ್ಟಿಗಳಲ್ಲಿ ಒಂದನ್ನು ನನಗೆ ಕೊಡಿ. ಬೇರೆಯವರ ಪಟ್ಟರಿಗೂ ಸುತ್ತಿ ನೋಡ್ತೀನಿ."

ಅವರು ಸುರುಳಿಗಳಲ್ಲಿ ಉದ್ದದ್ದನ್ನು ಆರಿಸಿ ಕೊಟ್ಟರು.

ಉಗುರಿನ ಬಣ್ಣ ತೆಗೆಯುವ ದ್ರಾವಣ ಹತ್ತಿಯಲ್ಲಿ ಅದ್ದಿ ಕೆಂಪು ಪಟ್ಟಿಗಳನ್ನು ಉಜ್ಜಿದೆ. ಎರಡು ಹೋದವು. ಮೂರನೆಯದನ್ನು ಕೈಗೆತ್ತಿಕೊಂಡಾಗ ಸೀಸೆ ಬರಿದಾಗಿತ್ತು. ಅಂಗಡಿಗೆ ಹೋಗಿ ತರುತ್ತೇನೆ ಎಂದೆ. ಸಿದ್ದೇಗೌಡರು ಕ್ಲಬ್ಬನ್ನು ಮೂಸಿ ನೋಡಿ, "ಬುಡಕ್ಕ, ಇದೊಂದ್ ಇರ್ಲಿ. ಬಸ್ ಓಯ್ತದೆ. ಅಲ್ದೆ ಇಷ್ಟು ಗಮ್ಮನ್ನೋ ಕೋಲ್ ಇಡ್ಕಂಡ್ ಓದ್ರೆ ಪಟ್ಟಿ ನೋಡೋರ್ ಯಾರು," ಎಂದರು. ಜಮಖಾನಕ್ಕೆ ಹೊಡೆದು ನೋಡಲು ನಾನು ಬಿಟ್ಟಿದ್ದು ಒಂದೇ ಒಂದು ಸಲ, ಅಂಟು ಹಸಿಯಿರಬಹುದೆಂಬ ಭಯಕ್ಕೆ. ಚೆಂಡು ಸುಣ್ಣದ ಸುತ್ತಿನ ಒಳಗೆ, ಮೇಲುಗಡೆ ಬಡಿಯಿತು. ಜಮಖಾನದಿಂದ ಧೂಳು ಎದ್ದಿತು.

ಹೊರಡುವಾಗ ಬಲಗೈ ಮತ್ತೆ ಟವೆಲ್ಲಿನೊಳಗೆ ಹೋಗಿತ್ತು. ಬಾಗಿಲ ತನಕ ಹೋದ ನಾನು, ಅಲ್ಲಿ ಟವೆಲ್ಲು ಸುತ್ತಿಕೊಂಡು ಹಿಡಿಯಬೇಡಿ, ಜಾರುತ್ತದೆ, ಬರಿಗೈಯಲ್ಲೇ ಹಿಡಿಯಿರಿ ಎಂದು ಹೇಳಬೇಕಾಗಿತ್ತು. ಹೇಳಿದೆ. ಅವರು ನೆಲ ನೋಡಿಕೊಂಡು, "ಎಲ್ಲಾರೂ ನೋಡ್ತಾರೆ ಕಣಕ್ಕ," ಎಂದರು. ಕೋಲಿನ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಬಾಗಿಲನ್ನು ತೋರಿಸುತ್ತೇನೆ. ಅಲ್ಲಿಂದಾಚೆ ಅವರೇ ನಡೆಯಬೇಕು.

ಮಧ್ಯಾಹ್ನವೆಲ್ಲ ನನ್ನ ಮನಸ್ಸು ನೆಟ್ಟಗಿರಲಿಲ್ಲ. ಅಂಟು ಹಿಡಿದಿರುತ್ತದೋ, ತಲೆ ಎಲ್ಲರ ಮುಂದೆ ಕಿತ್ತುಕೊಂಡು ಹಾರಿದರೆ ಏನು ಗತಿ ಎಂದು ಬೇಳೆ ಆರಿಸುತ್ತಾ ಕಲ್ಲನ್ನು ಒಳಗೆ, ಬೇಳೆಯನ್ನು ಹೊರಗೆ ಹಾಕಿದೆ. ಫೋನು ಮಾಡಿ ಕೇಳೋಣವೆಂದರೆ ಮೈದಾನದಲ್ಲಿ ಫೋನಿಲ್ಲ. ಯಜಮಾನರು ಬ್ಯಾಂಕಿನಿಂದ ಬಂದವರು, "ಏನಾಯ್ತು ನಿಮ್ಮ ಗೌಡರದ್ದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ತಾರಸಿಗೆ ಹೋಗಿ ನಾನು ಮರೆತಿದ್ದ ಚಾಪೆ ಸುತ್ತಿಕೊಂಡು ಬಂದರು.

ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಸಾಕಮ್ಮನವರು ಗೋಡೆಯ ಬಳಿ ಬಂದರು. ಪೇಟೆಗೆ ಹೋಗಿದ್ದವರು ಆಗತಾನೆ ಬಂದಿದ್ದರು. ಬುಟ್ಟಿಯಲ್ಲಿ ಅವರೆಕಾಯಿ, ಒಂದು ಕಟ್ಟು ಸಬ್ಬಸಿಗೆ ಸೊಪ್ಪು.

"ಇಮಲಮ್ಮ, ಒಂದ್ ಚೂರ್ ಎಪ್ಪಿಗೆ ಮೊಸ್ರು ಕೊಡಿ, ನಮ್ ಮನೇದು ಉಳಿ ಬಂದ್ಬುಟ್ಟದೆ."

ಬಟ್ಟಲಲ್ಲಿ ತಂದು ಕೊಟ್ಟೆ. ಅವರು ಮುಚ್ಚಿಕೊಂಡು ಎರಡು ಹೆಜ್ಜೆ ಹೋಗಿ, ಏನೋ ನೆನಪಾದವರ ಹಾಗೆ ತಿರುಗಿದರು.

"ಅಂದಂಗೆ ನಿಮ್ ಕೋಲಿನ್ ಗೌಡ್ರು ಸಿಕ್ಕಿದ್ರು. ಊರಿಗ್ ಓಗೋ ಅರಕೆರೆ ಬಸ್ಸಲ್ಲಿ ಕಿಟ್ಕಿ ಪಕ್ಕ ಕುಂತಿದ್ರು, ನನ್ ನೋಡಿ ಒಳ್ಳೆ ಬಾವುಟ ಆಡಿಸ್ದಂಗೆ ಕೈ ಆಡ್ಸುದ್ರು ಕಣ್ರೀ. ಅಲ್ಲಾ, ಅವ್ರುಗೆ ಆ ಕೈಲಿ ಮೂರೇ ಬೆರಳಾ? ಇಷ್ಟ್ ಸಲ ಬಂದವ್ರೆ, ನಾನ್ ಇವತ್ತೇ ನೋಡಿದ್ದು."